ಫ್ರಾನ್ಸಿನ ಮ್ಯೂಸಿಯಂಗಳು: ಯಾವುದು ತೆರೆದಿದೆ, ಯಾವುದು ಬಾಗಿಲು ಹಾಕಿದೆ

ಪ್ಯಾರಿಸ್‌ಗೆ ಹೊರಟವರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಹಿಂದೆ ಹೋಗಿಬಂದ ನೆಂಟರು ಬರೆದುಕೊಟ್ಟದ್ದೋ, ಟ್ರಾವೆಲ್ಸ್‌ನವರು ಅಚ್ಚುಹಾಕಿಸಿ ಹಂಚಿದ್ದೋ ಆದ ಆ ಪಟ್ಟಿ ನಾಲ್ಕೈದು ವರ್ಷ ಹಳೆಯದಾಗಿದ್ದರೆ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ. ಬೆಂಕಿ ಬಿದ್ದಿದೆ, ಹೊರಗಿನಿಂದಲೇ ನೋಡಿ ಎಂದು ಅದರಲ್ಲಿ ಬರೆದಿರುವ ನೋತ್ರ ದಾಮ್ ಈಗ ತೆರೆದಿದೆ. ತಪ್ಪದೆ ನೋಡಿ ಎಂದಿರುವ ಪಾಂಪಿಡೂ ಕೇಂದ್ರ ಬಾಗಿಲು ಹಾಕಿದೆ. ಲೂವ್ರ್ ಎಂದಿನಂತೆ ಇದೆ, ಆದರೆ ಭಾರತದಿಂದ ಹೋದವರಿಗೆ ಅಲ್ಲಿನ ಟಿಕೆಟ್ ದರವೇ ಬೇರೆ. ಇನ್ನು ಪಟ್ಟಿಯಲ್ಲಿ ಹೆಸರೇ ಇಲ್ಲದ, ಕಳೆದ ಕೆಲವು ವರ್ಷಗಳಲ್ಲಿ ಹೊಸದಾಗಿ ಎದ್ದುನಿಂತ ಅಥವಾ ಜೀರ್ಣೋದ್ಧಾರಗೊಂಡ ಜಾಗಗಳು ಹತ್ತಾರಿವೆ. ಹೆಸರಾಂತ ಜಾಗದ ಕ್ಯೂನಲ್ಲಿ ಸವೆಯುವ ಅರ್ಧ ದಿನದಲ್ಲಿ ಇಂಥ ಎರಡನ್ನು ನಿರಾಳವಾಗಿ ನೋಡಬಹುದು. ಹಾಗಾಗಿ ನನ್ನ ಓಟು ಇವಕ್ಕೇ.

ಮೊದಲು ಮುಚ್ಚಿರುವುದರ ವಿಷಯ. ಪಾಂಪಿಡೂ ಕೇಂದ್ರ 1977ರಲ್ಲಿ ತೆರೆದ ಕಟ್ಟಡ. ರೆಂಜೊ ಪಿಯಾನೊ ಮತ್ತು ರಿಚರ್ಡ್ ರೋಜರ್ಸ್ ಅದರ ಕರುಳು ನರಗಳನ್ನೆಲ್ಲ ಹೊರಮೈಗೆ ತಂದಿಟ್ಟಿದ್ದರು: ಗಾಳಿಯ ಕೊಳವೆಗೆ ನೀಲಿ, ನೀರಿನ ಪೈಪಿಗೆ ಹಸಿರು, ವಿದ್ಯುತ್ತಿಗೆ ಹಳದಿ, ಜನ ಓಡಾಡುವ ಎಸ್ಕಲೇಟರ್ ಮತ್ತು ಲಿಫ್ಟಿಗೆ ಕೆಂಪು. ಅರ್ಧ ಶತಮಾನದ ಬಿಸಿಲು ಮಳೆಗೆ ಅದೆಲ್ಲ ಹಳತಾಗಿದೆ. ಅದಕ್ಕಿಂತ ದೊಡ್ಡ ತಲೆನೋವು ಆ ಕಾಲದ ಕಟ್ಟಡಗಳಲ್ಲಿ ಧಾರಾಳವಾಗಿ ಬಳಸುತ್ತಿದ್ದ ಕಲ್ನಾರು. ಅದನ್ನು ತೆಗೆಯುವಾಗ ಒಳಗೆ ಜನ ಇರುವಂತಿಲ್ಲ. ಆದ್ದರಿಂದ ಒಂದೊಂದೇ ಮಹಡಿ ಮುಚ್ಚಿ ಕೆಲಸ ಮಾಡುವ ಬದಲು 2025ರ ಸೆಪ್ಟೆಂಬರ್‌ನಲ್ಲಿ ಇಡೀ ಕಟ್ಟಡಕ್ಕೇ ಬೀಗ ಹಾಕಿದರು. ಮತ್ತೆ ತೆರೆಯುವುದು 2030ಕ್ಕೆ.

ಹಾಗಾದರೆ ಒಳಗಿದ್ದ ಮತೀಸ್, ಪಿಕಾಸೊ, ಕಾಂಡಿನ್ಸ್ಕಿ ಎಲ್ಲಿ ಹೋದರು? ಫ್ರಾನ್ಸಿನಲ್ಲಿ ಸರ್ಕಾರಿ ಮ್ಯೂಸಿಯಂಗಳ ಸಂಗ್ರಹ ಸಾರ್ವಜನಿಕ ಆಸ್ತಿ. ಅದನ್ನು ಮಾರುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಮಾರಲಾಗದ್ದನ್ನು ಗೋದಾಮಿನಲ್ಲಿ ಕೂಡಿಹಾಕುವ ಬದಲು ದೇಶದ ಬೇರೆ ಬೇರೆ ಊರುಗಳಿಗೆ ಕಡ ಕೊಟ್ಟು ಓಡಾಡಿಸುತ್ತಾರೆ. ಪಾಂಪಿಡೂ ತನ್ನ ದೊಡ್ಡ ಪ್ರದರ್ಶನಗಳನ್ನು ಈಗ ಪ್ಯಾರಿಸ್‌ನ ಗ್ರಾಂ ಪಲೇಯಲ್ಲಿ ನಡೆಸುತ್ತಿದೆ. ಗ್ರಾಂ ಪಲೇ 1900ರ ವಿಶ್ವ ಮೇಳಕ್ಕೆಂದು ಕಟ್ಟಿದ ಗಾಜಿನ ಸೂರಿನ ಮಹಾಮಂಟಪ. 2024ರ ಒಲಿಂಪಿಕ್ಸ್‌ನಲ್ಲಿ ಕತ್ತಿವರಸೆ, ಟೇಕ್ವಾಂಡೊ ನಡೆದದ್ದು ಇಲ್ಲೇ. ದುರಸ್ತಿ ಮುಗಿದು 2025ರ ಜೂನ್‌ನಲ್ಲಿ ಪೂರ್ತಿ ತೆರೆದಿದೆ. ಪಾಂಪಿಡೂ ಸಂಗ್ರಹವನ್ನೇ ಹುಡುಕಿಕೊಂಡು ಹೋಗುವವರಿಗೆ ಇನ್ನೊಂದು ದಾರಿ ಮೆಟ್ಜ್ ಊರಿನ ಶಾಖೆ. ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಬಿದಿರಿನ ಟೋಪಿಯ ಹೆಣಿಗೆಯನ್ನು ನೋಡಿ ಅದರ ಮರದ ಮಾಡನ್ನು ರೂಪಿಸಿದರಂತೆ. ಪ್ಯಾರಿಸ್‌ನ ಪೂರ್ವ ನಿಲ್ದಾಣದಿಂದ ಟಿಜಿವಿ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಇಳಿದ ನಿಲ್ದಾಣದ ಬೆನ್ನಿಗೇ ಕಟ್ಟಡ.

ಮುಚ್ಚಿರುವ ಇನ್ನೊಂದು ಮುಖ್ಯ ಜಾಗ ನಾರ್ಮಂಡಿಯ ಬಾಯೋ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕಥೆಯನ್ನು ನಾರುಬಟ್ಟೆಯ ಮೇಲೆ ಉಣ್ಣೆಯ ದಾರದಲ್ಲಿ ಕಸೂತಿ ಹಾಕಿದ, ಸುಮಾರು 70 ಮೀಟರ್ ಉದ್ದದ ಪಟ್ಟಿ ಇರುವುದು ಅಲ್ಲಿ. ಹೊಸ ಕಟ್ಟಡಕ್ಕಾಗಿ 2025ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದ್ದಾರೆ. ತೆರೆಯುವುದು 2027ರ ಅಕ್ಟೋಬರ್‌ಗೆ ಎಂದು ಘೋಷಣೆಯಾಗಿದೆ. ನಡುವೆ, 2026ರ ಸೆಪ್ಟೆಂಬರ್‌ನಿಂದ 2027ರ ಜುಲೈವರೆಗೆ ಕಸೂತಿಯನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕಡ ಕೊಡುವ ಒಪ್ಪಂದವಾಗಿದೆ. ಅಷ್ಟರೊಳಗೆ ಬಾಯೋಗೆ ಹೋದರೆ ಊರು ಸಿಗುತ್ತದೆ, ಕಸೂತಿ ಸಿಗುವುದಿಲ್ಲ.

ನೋತ್ರ ದಾಮ್‌ಗೆ ಎರಡು ಬಾಗಿಲು

2019ರ ಏಪ್ರಿಲ್ 15ರ ಸಂಜೆ ಹೊತ್ತಿಕೊಂಡ ಬೆಂಕಿಯಲ್ಲಿ ನೋತ್ರ ದಾಮ್ ಕೆಥೆಡ್ರಲ್‌ನ ಮಾಡು, ಅದನ್ನು ಹೊತ್ತಿದ್ದ ಓಕ್ ಮರದ ತೊಲೆಗಳು, ಅದರ ಮೇಲಿದ್ದ 19ನೇ ಶತಮಾನದ ಮೊನೆಗೋಪುರ ಎಲ್ಲ ಕುಸಿದವು. ತೊಲೆಗಳು ಎಷ್ಟು ದಟ್ಟವಾಗಿದ್ದವೆಂದರೆ ಅಲ್ಲಿನವರು ಅದನ್ನು ಕಾಡು ಎಂದೇ ಕರೆಯುತ್ತಿದ್ದರು. ಕಾಂಕ್ರೀಟೋ ಉಕ್ಕೋ ಹಾಕಿ ಮುಗಿಸೋಣ ಎಂಬ ಮಾತೂ ಬಂದಿತ್ತು. ಕೊನೆಗೆ ಇದ್ದಂತೆಯೇ ಕಟ್ಟುವ ತೀರ್ಮಾನವಾಯಿತು. ಫ್ರಾನ್ಸಿನ ನಾನಾ ಕಾಡುಗಳಿಂದ ಸುಮಾರು 2,000 ಓಕ್ ಮರ ತರಿಸಿದರು. ಬಡಗಿಗಳು ಮಾಡಿನ ತೊಲೆಗಳನ್ನು ಯಂತ್ರದಲ್ಲಿ ಸೀಳದೆ, ಮಧ್ಯಯುಗದವರ ಹಾಗೆ ಕೈಗೊಡಲಿಯಿಂದ ಕೆತ್ತಿ ಚೌಕಮಾಡಿದರು. ಸುಮಾರು 150 ದೇಶಗಳ 3,40,000 ದಾನಿಗಳಿಂದ ಬಂದ ಹಣ 84 ಕೋಟಿ ಯೂರೊ ದಾಟಿತು. ಐದೂವರೆ ವರ್ಷದ ಮೇಲೆ, 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು.

ಒಳಗೆ ಹೋದವರು ಮೊದಲು ಗಮನಿಸುವುದು ಕಲ್ಲಿನ ಬಣ್ಣ. ಶತಮಾನಗಳ ಮೇಣದಬತ್ತಿಯ ಮಸಿ, ಧೂಳು, ಬೆಂಕಿಯಲ್ಲಿ ಉದುರಿದ ಸೀಸದ ಪುಡಿ ಎಲ್ಲವನ್ನೂ ತೆಗೆದ ಮೇಲೆ ಸುಣ್ಣಕಲ್ಲು ಕೆನೆಬಣ್ಣಕ್ಕೆ ತಿರುಗಿದೆ. ಕತ್ತಲು ತುಂಬಿದ ಹಳೆಯ ನೋತ್ರ ದಾಮ್ ನೋಡಿ ಬಂದವರಿಗೆ ಇದು ಸ್ವಲ್ಪ ಕಸಿವಿಸಿ ತರಬಹುದು. ಕಟ್ಟಿದವರ ಕಣ್ಣಿಗೆ ಬಿದ್ದಿದ್ದ ಬಣ್ಣ ಇದೇ ಎಂಬುದು ಸಮಾಧಾನ.

ಪ್ರವೇಶದ ಲೆಕ್ಕ ಹೀಗಿದೆ. ಒಳಗೆ ಹೋಗಲು ಹಣ ಕೊಡಬೇಕಿಲ್ಲ. 1905ರಲ್ಲಿ ಫ್ರಾನ್ಸ್ ಧರ್ಮ ಮತ್ತು ಸರ್ಕಾರವನ್ನು ಬೇರ್ಪಡಿಸಿದಾಗಿನಿಂದ ಕೆಥೆಡ್ರಲ್ ಕಟ್ಟಡಗಳು ಸರ್ಕಾರದವು, ಬಳಕೆ ಚರ್ಚಿನದ್ದು. ಐದು ಯೂರೊ ಪ್ರವೇಶ ಶುಲ್ಕ ಇಡೋಣ ಎಂದು ಸಂಸ್ಕೃತಿ ಸಚಿವೆ 2024ರಲ್ಲಿ ಹೇಳಿದಾಗ ಚರ್ಚ್ ಒಪ್ಪಲಿಲ್ಲ. ಅಧಿಕೃತ ಜಾಲತಾಣದಲ್ಲಿ ಕೆಲವೇ ದಿನ ಮುಂಚೆ ಉಚಿತ ಸ್ಲಾಟ್ ಕಾದಿರಿಸಬಹುದು. ಸ್ಲಾಟ್ ಸಿಗದವರಿಗೂ ಪ್ರತ್ಯೇಕ ಸಾಲಿದೆ, ಅದು ಸಾಕಷ್ಟು ಬೇಗ ಸರಿಯುತ್ತದೆ. ಹಾಗಾಗಿ ನೋತ್ರ ದಾಮ್ ಪ್ರವೇಶದ ಟಿಕೆಟ್ ಎಂದು ಯಾರಾದರೂ ಮಾರುತ್ತಿದ್ದರೆ ಅದು ಗೈಡ್‌ನ ಶುಲ್ಕವಾಗಿರಬೇಕು, ಇಲ್ಲವೇ ಮೋಸವಾಗಿರಬೇಕು. ಗೋಪುರ ಹತ್ತುವುದು ಮಾತ್ರ ಬೇರೆಯೇ ವ್ಯವಹಾರ. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆದ ಆ ದಾರಿಗೆ 16 ಯೂರೊ ಟಿಕೆಟ್, ಸಮಯ ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. 424 ಮೆಟ್ಟಿಲು, ಲಿಫ್ಟ್ ಇಲ್ಲ. ಮಂಡಿನೋವಿರುವ ಅಪ್ಪ ಅಮ್ಮನನ್ನು ಒಳಗೆ ಕೂರಿಸಿ ಮಕ್ಕಳು ಹತ್ತಿಬರುವುದೇ ಸರಿ.

ನಮಗೆ ಬೇರೆ ದರ

2026ರ ಜನವರಿ 14ರಿಂದ ಲೂವ್ರ್ ಎರಡು ದರ ಇಟ್ಟಿದೆ. ಐರೋಪ್ಯ ಆರ್ಥಿಕ ವಲಯದವರಿಗೆ 22 ಯೂರೊ, ಹೊರಗಿನವರಿಗೆ 32. ನಮ್ಮ ಲೆಕ್ಕದಲ್ಲಿ ತಲೆಗೆ ಮೂರು ಸಾವಿರ ರೂಪಾಯಿ ಮೀರುತ್ತದೆ. ವರ್ಸೇಲ್ಸ್, ಶಾಂಬೋರ್ ಅರಮನೆಗಳಿಗೂ ಸೇಂಟ್ ಶಪೆಲ್ ಚರ್ಚಿಗೂ ಇದೇ ಪದ್ಧತಿ ಬಂದಿದೆ. ಇದನ್ನು ಕೇಳಿ ಸಿಟ್ಟಾಗುವ ಮೊದಲು ಹಂಪಿಯ ವಿಜಯವಿಠ್ಠಲ ದೇವಸ್ಥಾನದ ಟಿಕೆಟ್ ಕೌಂಟರ್ ನೆನೆಸಿಕೊಳ್ಳುವುದು ನ್ಯಾಯ. ಅಲ್ಲಿ ನಮಗೆ 40 ರೂಪಾಯಿ, ವಿದೇಶಿಯರಿಗೆ 600. ಫ್ರೆಂಚರು ಈ ವಿದ್ಯೆಯನ್ನು ನಮಗಿಂತ ತಡವಾಗಿ ಕಲಿತಿದ್ದಾರೆ, ಅಷ್ಟೆ. ಈ ಹಣ ಲೂವ್ರ್‌ನ ಸೋರುವ ಕೊಳವೆ, ಹಳೆಯ ತಂತಿ, ಇಕ್ಕಟ್ಟಾದ ಪ್ರವೇಶಗಳ ಸುಧಾರಣೆಗೆ ಎಂದು ಸರ್ಕಾರ ಹೇಳಿದೆ. 2025ರ ಅಕ್ಟೋಬರ್ 19ರ ಬೆಳಿಗ್ಗೆ ಕಳ್ಳರು ಪೀಠೋಪಕರಣ ಸಾಗಿಸುವ ಲಿಫ್ಟ್ ಲಾರಿಯನ್ನು ಗೋಡೆಗೆ ಆನಿಸಿ, ಕಿಟಕಿಯಿಂದ ಒಳನುಗ್ಗಿ ನಿಮಿಷಗಳಲ್ಲಿ ರಾಜಮನೆತನದ ಒಡವೆ ಕದ್ದೊಯ್ದ ಮೇಲೆ ಭದ್ರತೆಯೂ ಆ ಪಟ್ಟಿಗೆ ಸೇರಿದೆ.

ಇಲ್ಲೊಂದು ಸೂಕ್ಷ್ಮ ಇದೆ. ಕಡಿಮೆ ದರ ಕೇವಲ ಪಾಸ್‌ಪೋರ್ಟ್ ನೋಡಿ ಕೊಡುವುದಲ್ಲ, ಆ ವಲಯದಲ್ಲಿ ವಾಸವಿರುವವರಿಗೂ ಅದೇ ದರ. ಮ್ಯೂನಿಕ್‌ನಲ್ಲೋ ಐಂಡ್‌ಹೋವನ್‌ನಲ್ಲೋ ಕೆಲಸದಲ್ಲಿರುವ ಮಗಳು ತನ್ನ ವಾಸದ ಪರವಾನಗಿ ಕಾರ್ಡ್ ತೋರಿಸಿದರೆ 22 ಯೂರೊ ಕೊಡುತ್ತಾಳೆ, ಬೆಂಗಳೂರಿನಿಂದ ಬಂದ ತಂದೆ ತಾಯಿ 32 ಕೊಡುತ್ತಾರೆ. 18 ವರ್ಷದೊಳಗಿನ ಮಕ್ಕಳಿಗೆ ಯಾವ ದೇಶದವರಾದರೂ ಲೂವ್ರ್ ಉಚಿತ. ಬುಧವಾರ ಮತ್ತು ಶುಕ್ರವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ; ಸಂಜೆ ಐದರ ಮೇಲೆ ಹೋದವರಿಗೆ ಉಸಿರಾಡಲು ಜಾಗ ಸಿಗುತ್ತದೆ.

ವರ್ಸೇಲ್ಸ್‌ಗೆ ದರ ಏರಿದ್ದರೂ ಮೈಸೂರಿನ ಕಡೆಯವರು ಅಲ್ಲೊಂದು ಕೋಣೆಯಲ್ಲಿ ನಿಧಾನವಾಗಿ ನಿಲ್ಲಬೇಕು. ಟಿಪ್ಪು ಸುಲ್ತಾನ್ ಇಂಗ್ಲಿಷರ ವಿರುದ್ಧ ನೆರವು ಕೇಳಲು ಕಳಿಸಿದ್ದ ಮೂವರು ರಾಯಭಾರಿಗಳನ್ನು 16ನೇ ಲೂಯಿ 1788ರ ಆಗಸ್ಟ್‌ನಲ್ಲಿ ಬರಮಾಡಿಕೊಂಡದ್ದು ಅಲ್ಲಿನ ಹರ್ಕ್ಯುಲಿಸ್ ಸಭಾಂಗಣದಲ್ಲಿ. ಉಡುಗೊರೆ ಮರ್ಯಾದೆಗಳಿಗೆ ಕೊರತೆಯಿರಲಿಲ್ಲ, ನೆರವು ಸಿಗಲಿಲ್ಲ. ಮರುವರ್ಷವೇ ಕ್ರಾಂತಿ ಶುರುವಾಯಿತು.

ಪಲೇ ರೋಯಲ್ ಸುತ್ತ ಒಂದು ದಿನ

ಹೊಸ ಜಾಗಗಳಲ್ಲಿ ಮೂರು ಲೂವ್ರ್‌ನ ಉತ್ತರಕ್ಕೆ, ಪರಸ್ಪರ ಹದಿನೈದು ನಿಮಿಷ ನಡಿಗೆಯೊಳಗೆ ಇವೆ. ಮೂರೂ ಹಳೆಯ ಕಟ್ಟಡಗಳೇ. ಪ್ಯಾರಿಸ್‌ನ ನಡುಊರಿನಲ್ಲಿ ಖಾಲಿ ನಿವೇಶನವೂ ಇಲ್ಲ, ಹಳೆಯದನ್ನು ಕೆಡವಲು ಅನುಮತಿಯೂ ಇಲ್ಲ. ಹಾಗಾಗಿ ಅಲ್ಲಿ ಹೊಸ ಮ್ಯೂಸಿಯಂ ಎಂದರೆ ಹೊರಗೋಡೆ ಮುಟ್ಟದೆ ಒಳಗನ್ನು ಬದಲಿಸುವ ಕೆಲಸ.

ಬೂರ್ಸ್ ದ ಕೊಮರ್ಸ್ ಹಿಂದೆ ಗೋಧಿಯ ಮಂಡಿ, ಆಮೇಲೆ ಸರಕು ವಿನಿಮಯ ಕೇಂದ್ರ. ಉದ್ಯಮಿ ಫ್ರಾನ್ಸ್ವಾ ಪಿನೊ ತಮ್ಮ ಸಮಕಾಲೀನ ಕಲಾಸಂಗ್ರಹಕ್ಕೆ ಅದನ್ನು ಪಡೆದು, ಜಪಾನಿನ ತದಾವೊ ಆಂಡೊ ಕೈಯಲ್ಲಿ ಕೊಟ್ಟರು. ಆಂಡೊ ಗಾಜಿನ ಗುಮ್ಮಟದ ಕೆಳಗೆ 9 ಮೀಟರ್ ಎತ್ತರ, 29 ಮೀಟರ್ ವ್ಯಾಸದ ಕಾಂಕ್ರೀಟ್ ಉರುಳೆಯೊಂದನ್ನು ನಿಲ್ಲಿಸಿದರು. ಅದು ಹಳೆಯ ಗೋಡೆಗೆ ತಾಗುವುದಿಲ್ಲ. ನಾಳೆ ಬೇಡವೆನಿಸಿದರೆ ತೆಗೆದುಬಿಡಬಹುದು ಎಂಬುದೇ ಆ ವಿನ್ಯಾಸದ ಜಾಣತನ. ಉರುಳೆಯ ನೆತ್ತಿಯ ಮೇಲಿನ ಕಾಲುದಾರಿಯಲ್ಲಿ ಒಂದು ಸುತ್ತು ಹಾಕಿ. ಗುಮ್ಮಟದ ಬುಡದಲ್ಲಿ ಖಂಡಾಂತರ ವ್ಯಾಪಾರವನ್ನು ಕೊಂಡಾಡುವ 1889ರ ಚಿತ್ರಗಳು ಕಾಣುತ್ತವೆ: ಹಡಗು, ಮೂಟೆ, ಹೊರುವ ಕಪ್ಪು ಕಂದು ಜನ, ನೋಡುತ್ತ ನಿಂತ ಬಿಳಿ ವ್ಯಾಪಾರಿ. ವಸಾಹತುಗಾರ ತನ್ನನ್ನು ತಾನು ಹೇಗೆ ಕಂಡುಕೊಂಡಿದ್ದ ಎಂಬುದಕ್ಕೆ ಬೇರೆ ಫಲಕ ಬೇಕಿಲ್ಲ.

ಪಲೇ ರೋಯಲ್ ಚೌಕದಲ್ಲಿ 2025ರ ಅಕ್ಟೋಬರ್‌ನಲ್ಲಿ ಕಾರ್ಟಿಯೆ ಪ್ರತಿಷ್ಠಾನದ ಹೊಸ ಮನೆ ತೆರೆಯಿತು. 1855ರ ಹೋಟೆಲು ಕಟ್ಟಡ, ನಂತರ ಭಾರಿ ಬಟ್ಟೆಬರೆ ಅಂಗಡಿ, ನಂತರ ಪುರಾತನ ವಸ್ತುಗಳ ಮಳಿಗೆ. ವಾಸ್ತುಶಿಲ್ಪಿ ಜಾನ್ ನುವೆಲ್ ಅದರ ಒಳಗೆ ಉಕ್ಕಿನ ಐದು ಬೃಹತ್ ವೇದಿಕೆಗಳನ್ನು ಕೂರಿಸಿದ್ದಾರೆ. ಅವು ಮೇಲೆ ಕೆಳಗೆ ಸರಿಯುತ್ತವೆ. ಈ ಪ್ರದರ್ಶನದಲ್ಲಿ ನೆಲವಾಗಿದ್ದದ್ದು ಮುಂದಿನದರಲ್ಲಿ ಮೇಲಂತಸ್ತು ಆಗಬಹುದು. ಬೀದಿಗೆ ದೊಡ್ಡ ಗಾಜಿನ ಕಿಟಕಿಗಳಿರುವುದರಿಂದ ಟಿಕೆಟ್ ಕೊಳ್ಳದವರಿಗೂ ಇಷ್ಟಿಷ್ಟು ಕಾಣುತ್ತದೆ. ಒಳಗಿನ ಕಲೆ ಎಲ್ಲರಿಗೂ ಹಿಡಿಸುತ್ತದೆ ಎನ್ನಲಾರೆ. ಎಂಜಿನಿಯರಿಂಗ್ ಓದಿದವರಿಗಂತೂ ಆ ಕೇಬಲ್, ರಾಟೆಗಳೇ ಸಾಕು.

ಮೂರನೆಯದು ರಾಷ್ಟ್ರೀಯ ಗ್ರಂಥಾಲಯದ ರಿಷೆಲ್ಯು ಕಟ್ಟಡ, 2022ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ತೆರೆದದ್ದು. ಅದರ ಅಂಡಾಕಾರದ ವಾಚನಾಲಯಕ್ಕೆ ಟಿಕೆಟ್ ಇಲ್ಲ, ಸದಸ್ಯತ್ವ ಬೇಡ. ಸುಮಾರು 20,000 ಪುಸ್ತಕ ಯಾರು ಬೇಕಾದರೂ ತೆಗೆದು ಓದುವಂತೆ ಇಟ್ಟಿದ್ದಾರೆ, ಅದರಲ್ಲಿ 9,000 ಚಿತ್ರಕಥೆಗಳು. ಫ್ರೆಂಚ್ ಬಾರದಿದ್ದರೂ ಚಿತ್ರಕಥೆ ತಿರುವಿಹಾಕಬಹುದು. ನಡೆದು ದಣಿದ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆಯ ಕುರ್ಚಿ ಪ್ಯಾರಿಸ್‌ನಲ್ಲಿ ಪುಕ್ಕಟೆಯಾಗಿ ಸಿಗಲಾರದು.

ಇನ್ನೂ ಸಮಯವಿದ್ದರೆ ಕಾಂಕಾರ್ಡ್ ಚೌಕದ ಓತೆಲ್ ದ ಲಾ ಮರೀನ್ ಕಡೆಗೆ ನಡೆಯಿರಿ. ರಾಜರ ಪೀಠೋಪಕರಣದ ಉಗ್ರಾಣವಾಗಿದ್ದು, ಆಮೇಲೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ನೌಕಾಪಡೆಯ ಕಚೇರಿಯಾಗಿದ್ದ ಇದು 2021ರಲ್ಲಿ ಜನರಿಗೆ ತೆರೆಯಿತು. ಬಾಗಿಲಲ್ಲೇ ಒಂದು ಹೆಡ್‌ಫೋನ್ ಕೊಡುತ್ತಾರೆ. ಅದಕ್ಕೆ ಗುಂಡಿಯಿಲ್ಲ. ನೀವು ಊಟದ ಮನೆಗೆ ಕಾಲಿಟ್ಟೊಡನೆ ತಟ್ಟೆ ಚಮಚದ ಸದ್ದು ಬಲಕಿವಿಗೆ, ಮನೆಯೊಡೆಯನ ಮಾತು ಎಡಕಿವಿಗೆ ಬೀಳುತ್ತದೆ. ಮುಂದಿನ ಕೋಣೆಗೆ ದಾಟಿದರೆ ತಾನಾಗಿ ಕಥೆ ಬದಲಾಗುತ್ತದೆ. ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದುಮಾಡುವ 1848ರ ಆಜ್ಞೆಗೆ ಸಹಿ ಬಿದ್ದದ್ದು ಇದೇ ಕಟ್ಟಡದಲ್ಲಿ.

ಸೆನ್ ನದಿಯ ಆಚೆ ದಡದ ಕ್ಲೂನಿ ಮಧ್ಯಯುಗದ ಮ್ಯೂಸಿಯಂ ವಯಸ್ಸಾದವರನ್ನು ಕರೆದೊಯ್ಯುವವರಿಗೆ ಮುಖ್ಯ. ರೋಮನ್ ಸ್ನಾನಗೃಹದ ಮೇಲೆ 15ನೇ ಶತಮಾನದ ಮನೆ, ಅದಕ್ಕೆ ಅಂಟಿಕೊಂಡು ಮತ್ತಷ್ಟು ಕೋಣೆ. ಹಾಗಾಗಿ ಹೆಜ್ಜೆಹೆಜ್ಜೆಗೂ ಮೆಟ್ಟಿಲಿತ್ತು. ಜೀರ್ಣೋದ್ಧಾರದಲ್ಲಿ ಲಿಫ್ಟ್, ಇಳಿಜಾರು ಹಾಕಿ 2022ರಲ್ಲಿ ತೆರೆದ ಮೇಲೆ ಗಾಲಿಕುರ್ಚಿಯಲ್ಲೇ ಬಹುಪಾಲು ನೋಡಬಹುದು. ಒಕ್ಕೊಂಬಿನ ಕುದುರೆ ಮತ್ತು ಹೆಣ್ಣಿನ ಆರು ನೇಯ್ಗೆಚಿತ್ರಗಳಿರುವ ಮಂದಬೆಳಕಿನ ಕೋಣೆಯಲ್ಲಿ ಕೂರಲು ಜಾಗವಿದೆ. ಬಣ್ಣ ಮಾಸಬಾರದೆಂದು ಬೆಳಕು ಕಡಿಮೆ. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ, ಕೆಂಪು ನೆಲದ ತುಂಬ ಮೊಲ, ನಾಯಿಮರಿ, ಹೂಗಿಡ ಒಂದೊಂದಾಗಿ ಕಾಣಿಸತೊಡಗುತ್ತವೆ. ಅಲ್ಲಿಗೆ ಹೋಗಲು ಮೆಟ್ರೊಗಿಂತ ಬಸ್ಸು ವಾಸಿ. ಪ್ಯಾರಿಸ್ ಮೆಟ್ರೊದಲ್ಲಿ ಎಲ್ಲ ನಿಲ್ದಾಣಗಳಿಗೂ ಲಿಫ್ಟ್ ಇರುವುದು 14ನೇ ಮಾರ್ಗಕ್ಕೆ ಮಾತ್ರ.

ಹಣ ಉಳಿಸುವವರಿಗೆ ಒಂದು ಗುಟ್ಟು: ಪ್ಯಾರಿಸ್ ನಗರಪಾಲಿಕೆಯ ಬಹುತೇಕ ಮ್ಯೂಸಿಯಂಗಳಲ್ಲಿ ಕಾಯಂ ಸಂಗ್ರಹ ನೋಡಲು ಯಾವ ದೇಶದವರಿಗೂ ದುಡ್ಡಿಲ್ಲ. 2021ರಲ್ಲಿ ಮತ್ತೆ ತೆರೆದ ಕಾರ್ನವಾಲೆ ಅದರಲ್ಲಿ ನನಗೆ ಮೆಚ್ಚಿನದು. ಇಡೀ ನಗರದ ಚರಿತ್ರೆ ಅಲ್ಲಿದೆ. ಮೊದಲ ಕೋಣೆಗಳಲ್ಲೇ ಹಳೆಯ ಅಂಗಡಿಗಳ ಬೋರ್ಡುಗಳು ಛಾವಣಿಯಿಂದ ನೇತಾಡುತ್ತವೆ. ಓದು ಬಾರದ ಗಿರಾಕಿಗೂ ಗುರುತು ಸಿಗುವಂಥ ಆಕೃತಿಗಳು. 19ನೇ ಶತಮಾನದ ಪ್ರಸಿದ್ಧ ಕಪ್ಪು ಬೆಕ್ಕು ಮನರಂಜನಾಗೃಹದ ಬೋರ್ಡೂ ಅಲ್ಲಿದೆ.

ದಕ್ಷಿಣದ ಕಡೆ

ಪ್ಯಾರಿಸ್ ಸಾಕು ಎನ್ನಿಸಿದವರು ಟಿಜಿವಿ ಹತ್ತಿ ಸುಮಾರು ಮೂರು ಗಂಟೆಯಲ್ಲಿ ನೀಮ್ ತಲುಪಬಹುದು. ಎರಡು ಸಾವಿರ ವರ್ಷ ಹಳೆಯ ರೋಮನ್ ಅಖಾಡದ ಎದುರಿಗೇ 2018ರಲ್ಲಿ ರೊಮಾನಿತೆ ಮ್ಯೂಸಿಯಂ ಬಂದಿದೆ. ಟಿಕೆಟ್ ತೆಗೆಯದಿದ್ದರೂ ತಾರಸಿಗೆ ಹೋಗಿ ಅಖಾಡವನ್ನು ಮೇಲಿನಿಂದ ನೋಡಬಹುದು. ಅಲ್ಲಿಂದ ಪಶ್ಚಿಮಕ್ಕೆ ನಾರ್ಬಾನ್‌ನಲ್ಲಿ 2021ರಲ್ಲಿ ತೆರೆದ ನಾರ್ಬೊ ವಿಯಾ ಇನ್ನೂ ಸೊಗಸು. ರೋಮನ್ನರ ಗೋರಿಗಳ ಕೆತ್ತನೆಕಲ್ಲುಗಳನ್ನು ಹಿಂದೆ ಕೋಟೆ ಗೋಡೆಗೆ ಬಳಸಿದ್ದರು. 19ನೇ ಶತಮಾನದಲ್ಲಿ ಕೋಟೆ ಕೆಡವಿದಾಗ ಅವು ಮತ್ತೆ ಹೊರಬಂದವು. ಅಂಥ 760 ಕಲ್ಲುಗಳನ್ನು ಔಷಧಿ ಅಂಗಡಿಯ ಕಪಾಟಿನಂತೆ ಖಾನೆಖಾನೆಯಾದ ಉಕ್ಕಿನ ಗೋಡೆಯಲ್ಲಿ ಜೋಡಿಸಿದ್ದಾರೆ. ಸಂಶೋಧಕರು ಒಂದು ಕಲ್ಲು ಬೇಕೆಂದರೆ ಹಿಂದಿನಿಂದ ಯಂತ್ರವೊಂದು ಬಂದು ಅದನ್ನು ಎಳೆದುಕೊಂಡು ಹೋಗುತ್ತದೆ. ಅಂದರೆ ಗೋದಾಮೇ ಪ್ರದರ್ಶನ.

ಮಾರ್ಸೇಯ ಕೊಸ್ಕೇರ್ ಮಾತ್ರ ಯಾವ ಜಾತಿಗೂ ಸೇರದ ಜಾಗ. ಹೆನ್ರಿ ಕೊಸ್ಕೇರ್ ಎಂಬ ಮುಳುಗುಗಾರ 1985ರಲ್ಲಿ ಊರಿನ ಹತ್ತಿರದ ಕಡಿದಾದ ಕರಾವಳಿಯಲ್ಲಿ, ನೀರಿನಿಂದ 37 ಮೀಟರ್ ಆಳದಲ್ಲಿ ಬಾಯಿ ತೆರೆಯುವ ಗುಹೆ ಕಂಡ. 175 ಮೀಟರ್ ಸುರಂಗ ಈಜಿ ಮೇಲೆದ್ದರೆ ಒಳಗೆ ಗೋಡೆಯ ಮೇಲೆ ಕೈಗುರುತು, ಕುದುರೆ, ಸೀಲ್, ಪೆಂಗ್ವಿನ್‌ನಂತೆ ಕಾಣುವ, ಈಗ ಅಳಿದುಹೋಗಿರುವ ಹಕ್ಕಿ. ಹಳೆಯವು 30,000 ವರ್ಷಕ್ಕೂ ಹಿಂದಿನವು. ಆಗ ಹಿಮಯುಗ, ಕಡಲು ನೂರು ಮೀಟರಿಗೂ ಹೆಚ್ಚು ಕೆಳಗಿತ್ತು, ಜನ ನಡೆದೇ ಒಳಹೋಗುತ್ತಿದ್ದರು. 1991ರಲ್ಲಿ ಆ ಸುರಂಗದಲ್ಲಿ ಮೂವರು ಮುಳುಗುಗಾರರು ದಾರಿ ತಪ್ಪಿ ಸತ್ತರು, ಬಾಯಿ ಮುಚ್ಚಲಾಯಿತು. ಕಡಲು ಏರುತ್ತಿರುವುದರಿಂದ ಚಿತ್ರಗಳು ಒಂದೊಂದಾಗಿ ನೀರುಪಾಲಾಗುತ್ತಿವೆ. ಅದಕ್ಕೇ ಗುಹೆಯನ್ನು ಲೇಸರ್‌ನಲ್ಲಿ ಅಳೆದು, ಬಂದರಿನ ದಡದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಪ್ರತಿಕೃತಿ ಮಾಡಿ 2022ರಲ್ಲಿ ತೆರೆದರು. ಆರು ಜನ ಕೂರುವ ಗಾಡಿ ಕತ್ತಲಲ್ಲಿ ಮೆಲ್ಲಗೆ ತಿರುಗುತ್ತ ಸಾಗುತ್ತದೆ, ಬೆಳಕು ಬಿದ್ದ ಕಡೆ ಚಿತ್ರ ಕಾಣುತ್ತದೆ, ಕಿವಿಯಲ್ಲಿ ವಿವರಣೆ. ಸುಮಾರು 35 ನಿಮಿಷ.

ನಕಲಿಗೆ ಯಾಕೆ ದುಡ್ಡು ಕೊಡಬೇಕು ಎನ್ನುವವರಿದ್ದಾರೆ. ಅದಕ್ಕೆ ಉತ್ತರ ಇನ್ನೊಂದು ಚಿತ್ರಗುಹೆಯಾದ ಲಾಸ್ಕೋದಲ್ಲಿದೆ. 1940ರಲ್ಲಿ ಹುಡುಗರು ಕಂಡುಹಿಡಿದ ಆ ಗುಹೆಯನ್ನು 1948ರಲ್ಲಿ ಜನರಿಗೆ ತೆರೆದರು. ನೋಡುಗರ ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್, ದೀಪದ ಶಾಖಕ್ಕೆ ಗೋಡೆಯ ಮೇಲೆ ಹಸಿರು ಪಾಚಿ ಹಬ್ಬಿತು. 1963ರಲ್ಲಿ ಮುಚ್ಚಿದರು. ಅಂದಿನಿಂದ ನೋಡುವುದೆಲ್ಲ ಪ್ರತಿಕೃತಿಯೇ. 2016ರ ಲಾಸ್ಕೋ 4 ಅದರಲ್ಲಿ ಅತಿ ಪೂರ್ಣವಾದದ್ದು.

ಹೊರಡುವ ಮುನ್ನ

ವಾರದ ರಜೆ ಎಲ್ಲ ಕಡೆ ಒಂದೇ ದಿನವಲ್ಲ. ಲೂವ್ರ್, ಬೂರ್ಸ್ ದ ಕೊಮರ್ಸ್ ಮಂಗಳವಾರ ಮುಚ್ಚುತ್ತವೆ. ಪ್ಯಾರಿಸ್‌ನ ಒರ್ಸೆ ಮ್ಯೂಸಿಯಂ, ವರ್ಸೇಲ್ಸ್, ಕ್ಲೂನಿ, ಕಾರ್ನವಾಲೆ ಸೋಮವಾರ. ಮಂಗಳವಾರ ಲೂವ್ರ್ ಮುಚ್ಚಿದಾಗ ಜನವೆಲ್ಲ ವರ್ಸೇಲ್ಸ್‌ಗೆ ನುಗ್ಗುವುದರಿಂದ ಆ ದಿನ ಅಲ್ಲಿಗೆ ಹೋಗಬೇಡಿ. ಜನವರಿ 1, ಮೇ 1, ಡಿಸೆಂಬರ್ 25 ಬಹುತೇಕ ಎಲ್ಲಕ್ಕೂ ಬೀಗ. ಮುಚ್ಚುವ ಸಮಯಕ್ಕಿಂತ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಮುಂಚೆ ಒಳಬಿಡುವುದು ನಿಲ್ಲುತ್ತದೆ. ನೌಕರರ ಮುಷ್ಕರ ಅಲ್ಲಿ ಅಪರೂಪವಲ್ಲ, ಬೆಳಿಗ್ಗೆ ಹೊರಡುವ ಮುಂಚೆ ಜಾಲತಾಣ ನೋಡಿ. ದೊಡ್ಡ ಸೂಟ್‌ಕೇಸ್ ಲೂವ್ರ್ ಒಳಗೆ ಬಿಡುವುದಿಲ್ಲ. 55×35×20 ಸೆಂಟಿಮೀಟರ್ ಮಿತಿ. ರೈಲಿಗೆ ಹೋಗುವ ದಿನ ಮ್ಯೂಸಿಯಂ ಇಟ್ಟುಕೊಂಡರೆ ಸಾಮಾನನ್ನು ಹೋಟೆಲಿನಲ್ಲೇ ಬಿಡಬೇಕು.

ಎರಡು, ನಾಲ್ಕು, ಆರು ದಿನದ ಪ್ಯಾರಿಸ್ ಮ್ಯೂಸಿಯಂ ಪಾಸ್ ಸರ್ಕಾರಿ ಜಾಗಗಳನ್ನು ದಿನಕ್ಕೆ ಮೂರರಂತೆ ಓಡಿ ನೋಡುವವರಿಗೆ ಲಾಭ. ಖಾಸಗಿ ಪ್ರತಿಷ್ಠಾನಗಳು ಸಾಮಾನ್ಯವಾಗಿ ಅದರಲ್ಲಿ ಸೇರಿಲ್ಲ, ಪಾಸ್ ಇದ್ದರೂ ಲೂವ್ರ್‌ಗೆ ಸಮಯ ಬೇರೆಯಾಗಿ ಕಾದಿರಿಸಬೇಕು. ಉಚಿತ ಜಾಗಗಳನ್ನೇ ಹೆಚ್ಚು ಆರಿಸಿಕೊಂಡವರಿಗೆ ಪಾಸ್ ನಷ್ಟ. ತಾರೀಖು ಹಿಂದುಮುಂದು ಮಾಡಿಕೊಳ್ಳಲು ಆಗುವುದಾದರೆ ಸೆಪ್ಟೆಂಬರ್‌ನ ಮೂರನೇ ವಾರಾಂತ್ಯಕ್ಕೆ ಹೋಗಿ. ಫ್ರಾನ್ಸ್ 1984ರಲ್ಲಿ ಶುರುಮಾಡಿದ ಪರಂಪರೆಯ ದಿನಗಳು ಅವು. ಉಳಿದ ದಿನ ಒಳಬಿಡದ ಸಚಿವಾಲಯ, ಅರಮನೆ, ಕಚೇರಿಗಳೂ ಆಗ ಬಾಗಿಲು ತೆಗೆಯುತ್ತವೆ. ಬಹಳ ಕಡೆ ಹಣ ಕೇಳುವುದಿಲ್ಲ. ಅಧ್ಯಕ್ಷರ ಎಲಿಜೆ ಅರಮನೆಗೆ ಮಾತ್ರ ಮುಂಚಿತವಾಗಿ ಹೆಸರು ನೋಂದಾಯಿಸಬೇಕು.